15 ದಿನದ ಔಷಧಿ, 350 ದಿನದ ದಾರಿ

ಮೂವತ್ತು ವರ್ಷದ ಹಿಂದೆ ಶಹಾಪುರ, ಸುರಪುರ ಕಡೆಯ ಹಳ್ಳಿಯಲ್ಲಿ ಒಬ್ಬರಿಗೆ 'ಎದಿ ಆಪರೇಷನ್ ಆಗಬೇಕು' ಎಂದು ಡಾಕ್ಟರು ಹೇಳಿದರೆ ಮನೆಯವರ ಮುಂದೆ ಎರಡೇ ಹಾದಿ ಇರುತ್ತಿದ್ದವು. ಒಂದು ಹೊಲ ಮಾರುವುದು, ಇನ್ನೊಂದು ದೇವರ ಮೇಲೆ ಭಾರ ಹಾಕಿ ಕೂರುವುದು. ಗೊತ್ತಿದ್ದವರು ಪುಟ್ಟಪರ್ತಿಗೆ ಹೋಗುತ್ತಿದ್ದರು. 1991ರ ನವೆಂಬರಿನಲ್ಲಿ ಅಲ್ಲಿ ಆರಂಭವಾದ ಸತ್ಯಸಾಯಿ ಆಸ್ಪತ್ರೆ ಯಾರಿಂದಲೂ ಹಣ ಕೇಳುತ್ತಿರಲಿಲ್ಲ. 2001ರಲ್ಲಿ ಬೆಂಗಳೂರಿನ ವೈಟ್‌ಫೀಲ್ಡ್‌ನಲ್ಲೂ ಅದರ ಆಸ್ಪತ್ರೆ ತೆರೆಯಿತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ಹೆಸರು ನಮ್ಮ ಕಡೆಯ ಹಳ್ಳಿಗಳಿಗೂ ಗೊತ್ತಿತ್ತು. ಆದರೆ ಶಹಾಪುರಕ್ಕೂ ಸುರಪುರಕ್ಕೂ ಇಂದಿಗೂ ರೈಲಿಲ್ಲ. ಬಸ್ಸಿನಲ್ಲಿ ಯಾದಗಿರಿ ಸ್ಟೇಷನ್ನಿಗೆ ಬಂದು, ಅಲ್ಲಿಂದ ಬೆಂಗಳೂರಿನ ರೈಲು ಹಿಡಿದು ಹೋಗಬೇಕಿತ್ತು. ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದವರನ್ನು ಊರವರು ಮರುಹುಟ್ಟು ಪಡೆದವರಂತೆ ನೋಡುತ್ತಿದ್ದರು.

ಆ ಕಾಲ ಹೋಯಿತು. ಇದನ್ನು ಮೊದಲು ಮನಸಾರೆ ಒಪ್ಪಬೇಕು. 2010ರ ಫೆಬ್ರುವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಗುಲಬರ್ಗಾ ವಿಭಾಗದಲ್ಲಿ ಜಾರಿಗೆ ಬಂತು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಿ ಆಗಿನ್ನೂ ಎರಡು ತಿಂಗಳೂ ತುಂಬಿರಲಿಲ್ಲ. ಬಿಪಿಎಲ್ ಕಾರ್ಡ್ ಇದ್ದವರಿಗೆ ಹೃದಯ, ಕ್ಯಾನ್ಸರ್, ಮೂತ್ರಪಿಂಡದಂಥ ದೊಡ್ಡ ಕಾಯಿಲೆಗಳ ಚಿಕಿತ್ಸೆ ಪುಕ್ಕಟೆಯಾಯಿತು. ಆ ಯೋಜನೆಯ ಫಲವನ್ನು ಅಳೆದು ನೋಡಿದ ಅಧ್ಯಯನವೊಂದು 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಯೋಜನೆ ಇದ್ದ ಹಳ್ಳಿಗಳನ್ನೂ ಗಡಿಯ ಆಚೆಗಿನ, ಯೋಜನೆ ಇನ್ನೂ ಮುಟ್ಟಿರದ ಹಳ್ಳಿಗಳನ್ನೂ ಅದು ಪಕ್ಕಪಕ್ಕ ಇಟ್ಟು ನೋಡಿತ್ತು. ಯೋಜನೆಯಡಿ ಬರುವ ಕಾಯಿಲೆಗಳಿಂದ ಬಡವರು ಸಾಯುವ ಪ್ರಮಾಣ ಯೋಜನೆ ಇದ್ದ ಕಡೆ ಶೇ 64ರಷ್ಟು ಕಡಿಮೆ ಇತ್ತು. ಸರ್ಕಾರಿ ಯೋಜನೆಯೊಂದರ ಬಗ್ಗೆ ಇಷ್ಟು ಸ್ಪಷ್ಟವಾದ ಒಳ್ಳೆಯ ಮಾತು ಅಪರೂಪ. 2018ರಲ್ಲಿ ಅದೆಲ್ಲ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಸೇರಿತು, ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ಸಿಕ್ಕಿತು. ಕಲಬುರಗಿಯ ಜಿಮ್ಸ್ ವೈದ್ಯಕೀಯ ಕಾಲೇಜಿನ ಆವರಣದಲ್ಲಿ ಕೆಲವು ವರ್ಷ ನಡೆದ ಜಯದೇವ ಶಾಖೆಗೆ 2024ರ ಡಿಸೆಂಬರ್ 22ರಂದು 371 ಹಾಸಿಗೆಗಳ ಸ್ವಂತ ಆಸ್ಪತ್ರೆ ಬಂತು. ನಮ್ಮ ಭಾಗದ ವಿಶೇಷ ಸ್ಥಾನಮಾನದ 371(ಜೆ) ಕಲಮಿನ ನೆನಪಿಗೇ ಹಾಸಿಗೆಗಳ ಲೆಕ್ಕ ಇಟ್ಟಿದ್ದಾರೆ. ಯಾದಗಿರಿಯಿಂದ ಅದು ಸುಮಾರು 80 ಕಿಲೋಮೀಟರ್. ಸುರಪುರದಿಂದ ನೂರು ದಾಟುತ್ತದೆ, ಆದರೂ ಬೆಳಿಗ್ಗೆ ಹೋಗಿ ರಾತ್ರಿ ಮನೆ ಸೇರಬಹುದು.

ಹೀಗೆ ಆಪರೇಷನ್ ಹತ್ತಿರ ಬಂದಿದೆ. ಅದರ ನಂತರದ ವರ್ಷ ಮಾತ್ರ ಹತ್ತಿರ ಬಂದಿಲ್ಲ.

ಆಯುಷ್ಮಾನ್ ಭಾರತ್ ಯೋಜನೆಯ ಚೌಕಟ್ಟಿನಲ್ಲಿ ಡಿಸ್ಚಾರ್ಜ್ ಆದ ಮೇಲಿನ ಔಷಧಿ, ಆರೈಕೆಗೆ ಇರುವ ಅವಧಿ 15 ದಿನ. ಕೈಯಲ್ಲಿ ಒಂದು ಚೀಲ ಗುಳಿಗೆ, ಇಂಗ್ಲಿಷಿನಲ್ಲಿ ಬರೆದ ಡಿಸ್ಚಾರ್ಜ್ ಪತ್ರ, ಬಾಯಿಮಾತಿನ ನಾಲ್ಕು ಸೂಚನೆ. ಆಮೇಲಿನ 350 ದಿನ ಆ ಮನೆಯದು. ಹೃದಯ ಶಸ್ತ್ರಚಿಕಿತ್ಸೆಯ ಫಲ ಎಷ್ಟು ಎಂಬುದು ಬಹುಪಾಲು ನಿಶ್ಚಯವಾಗುವುದು ಆ ದಿನಗಳಲ್ಲೇ. ಕಾಲಿನಿಂದ ತೆಗೆದು ಹೃದಯಕ್ಕೆ ಜೋಡಿಸಿದ ರಕ್ತನಾಳಗಳಲ್ಲಿ ಕೆಲವು ಮೊದಲ ವರ್ಷದಲ್ಲೇ ಮುಚ್ಚಿಕೊಳ್ಳುತ್ತವೆ. ಬದಲಿಸಿದ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟುವ ಭಯವೂ ಮೊದಲ ತಿಂಗಳುಗಳಲ್ಲೇ ಹೆಚ್ಚು. ಈ ವರ್ಷವನ್ನು ನಮ್ಮ ವ್ಯವಸ್ಥೆ ರೋಗಿಯ ಖಾಸಗಿ ವಿಷಯವೆಂದು ಬಿಟ್ಟುಬಿಟ್ಟಿದೆ. ಅದು ತಪ್ಪು ಎಂದು ನಾನು ನಂಬಿದ್ದೇನೆ.

ಯಾರು ಈ ರೋಗಿಗಳು? ಊರವರ ಮಾತಿನಲ್ಲಿ ಎಲ್ಲವೂ 'ಹಾರ್ಟ್ ಆಪರೇಷನ್ನೇ'. ತೊಡೆಯಿಂದಲೋ ಮಣಿಕಟ್ಟಿನಿಂದಲೋ ತಂತಿ ತೂರಿಸಿ ಸ್ಟೆಂಟ್ ಹಾಕಿಸಿಕೊಂಡವರೂ ಹಾಗೇ ಹೇಳಿಕೊಳ್ಳುತ್ತಾರೆ. ಅವರ ಎದೆ ತೆರೆದಿರುವುದಿಲ್ಲ, ಕೆಲವೇ ದಿನದಲ್ಲಿ ಎದ್ದು ಓಡಾಡುತ್ತಾರೆ, ಆದ್ದರಿಂದಲೇ ಗುಳಿಗೆಯನ್ನೂ ಬೇಗ ಮರೆಯುತ್ತಾರೆ. ಆಸ್ಪಿರಿನ್ ಜೊತೆಗೆ ಕೊಡುವ ಎರಡನೇ ಗುಳಿಗೆಯನ್ನು ಡಾಕ್ಟರು ಹೇಳಿದ ಅವಧಿಗೆ ಮೊದಲೇ, ಬಹಳ ಸಲ ಅದು ಒಂದು ವರ್ಷ, ನಿಲ್ಲಿಸಿದರೆ ಸ್ಟೆಂಟ್ ಒಮ್ಮೆಲೇ ಕಟ್ಟಿಕೊಳ್ಳಬಹುದು. ಎದೆ ತೆರೆದು ಬೈಪಾಸ್ ಮಾಡಿಸಿಕೊಂಡವರ ಕತೆ ಬೇರೆ. ಮೂರನೆಯವರು ಕವಾಟ ಬದಲಿಸಿಕೊಂಡವರು, ಬಹುಪಾಲು ಹರೆಯದವರು, ಅವರಲ್ಲೂ ಹೆಣ್ಣುಮಕ್ಕಳು. ಹುಟ್ಟಿನಿಂದಲೇ ಹೃದಯದಲ್ಲಿ ರಂಧ್ರವಿದ್ದ ಮಕ್ಕಳೂ ಇದ್ದಾರೆ. ಶಾಲೆ, ಅಂಗನವಾಡಿಗಳಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡಗಳು ಇಂಥ ಮಕ್ಕಳನ್ನು ಗುರುತಿಸುತ್ತವೆ. ಚೇತರಿಕೆಯಲ್ಲಿ ಎಲ್ಲರಿಗಿಂತ ಮುಂದೆ ಇರುವವರು ಈ ಮಕ್ಕಳೇ, ಸಮಯಕ್ಕೆ ಮುಚ್ಚಿದ ರಂಧ್ರ ಮುಂದೆ ಅಷ್ಟಾಗಿ ಕಾಡುವುದಿಲ್ಲ. ಇಲ್ಲಿ ಹೆಚ್ಚು ಹೇಳಬೇಕಾದ್ದು ಬೈಪಾಸಿನವರ ಬಗ್ಗೆ, ಅವರಿಗಿಂತಲೂ ಕವಾಟದವರ ಬಗ್ಗೆ.

ಮೊದಲ ಮೂರು ತಿಂಗಳು ಎಲುಬಿನದು. ಹೃದಯ ಮುಟ್ಟಬೇಕಾದರೆ ಎದೆಯ ನಡುವಿನ ಎಲುಬನ್ನು ಉದ್ದಕ್ಕೆ ಸೀಳಬೇಕು, ಕೆಲಸ ಮುಗಿದ ಮೇಲೆ ಉಕ್ಕಿನ ತಂತಿಯಿಂದ ಬಿಗಿಯಬೇಕು. ಮೇಲಿನ ಚರ್ಮ ಎರಡು ವಾರದಲ್ಲಿ ಕೂಡುತ್ತದೆ. ಎಲುಬು ಗಟ್ಟಿಯಾಗಿ ಕೂಡಲು ಆರರಿಂದ ಹನ್ನೆರಡು ವಾರ ಬೇಕು. ಅಲ್ಲಿಯವರೆಗೆ ಭಾರ ಎತ್ತಬಾರದು, ಎಳೆಯಬಾರದು, ತಳ್ಳಬಾರದು. ಆಸ್ಪತ್ರೆಯವರು ಇಷ್ಟನ್ನು ಎಲ್ಲರಿಗೂ ಹೇಳಿ ಕಳಿಸುತ್ತಾರೆ. ಆದರೆ ಹಳ್ಳಿಯ ಮನೆಯೊಳಗೆ ಈ ಸೂಚನೆ ಹೇಗೆ ಬಾಳುತ್ತದೆ ಎಂಬುದನ್ನು ಆ ಮನೆಯೊಳಗೆ ನಿಂತೇ ನೋಡಬೇಕು. ನಮ್ಮಲ್ಲಿ ಬಹಳ ಜನ ಮಲಗುವುದು ನೆಲದ ಮೇಲೆ. ನೆಲದಿಂದ ಏಳಬೇಕಾದರೆ ಎರಡೂ ಕೈ ಊರಿ ಮೈ ಎತ್ತಬೇಕು, ಆ ಭಾರವೆಲ್ಲ ಎದೆಯ ಎಲುಬಿನ ಮೇಲೇ ಬೀಳುತ್ತದೆ. ಆದ್ದರಿಂದ ರೋಗಿ ಮನೆಗೆ ಬರುವ ಮುಂಚೆ ಒಂದು ಮಂಚ ಬರಬೇಕು, ಬೇರೆಯವರಿಂದ ಎರವಲು ತಂದಾದರೂ ಸರಿ. ಕುಕ್ಕರುಗಾಲಿನ ಪಾಯಿಖಾನೆಯೂ ಇದೇ ತೊಂದರೆ ಕೊಡುತ್ತದೆ, ನಡುವೆ ಕಂಡಿ ಇರುವ ಪ್ಲಾಸ್ಟಿಕ್ ಕುರ್ಚಿ ಇದ್ದರೆ ಸಾಕು. ಬಯಲಿಗೇ ಹೋಗಬೇಕಾದ ಮನೆಗಳಲ್ಲಿ, ಮುಖ್ಯವಾಗಿ ಹೆಂಗಸರಿಗೆ, ನಸುಕಿನ ಕತ್ತಲಲ್ಲಿ ಕಲ್ಲುಮುಳ್ಳಿನ ಹಾದಿಯಲ್ಲಿ ನಡೆಯುವುದು ಯಾವ ಡಿಸ್ಚಾರ್ಜ್ ಪತ್ರದಲ್ಲೂ ಬರೆಯದ ಸಂಕಟ.

ರೊಟ್ಟಿಯ ವಿಷಯ ಹೇಳಲೇಬೇಕು. ಜೋಳದ ರೊಟ್ಟಿ ಬಡಿಯುವುದು ಹೊರಗಿನವರಿಗೆ ಅಡುಗೆಯಾಗಿ ಕಾಣುತ್ತದೆ, ಎದೆಯ ಎಲುಬಿಗೆ ಅದು ಕೂಲಿಕೆಲಸ. ಹಿಟ್ಟು ನಾದುವಾಗ ಎರಡೂ ತೋಳಿನ ಬಲ ಮುಂದಕ್ಕೆ ಒತ್ತುತ್ತದೆ, ಬಡಿಯುವಾಗ ಏಟಿನ ಮೇಲೆ ಏಟು ಭುಜದಿಂದ ಎದೆಗೆ ಇಳಿಯುತ್ತದೆ. ಆರು ಜನರ ಮನೆಯಲ್ಲಿ ದಿನಕ್ಕೆ ಇಪ್ಪತ್ತು ಮೂವತ್ತು ರೊಟ್ಟಿ ಹೆಚ್ಚೇನಲ್ಲ. 'ಭಾರ ಎತ್ತಬ್ಯಾಡ್ರಿ' ಎಂದು ಕೇಳಿಸಿಕೊಂಡು ಬಂದ ಹೆಣ್ಣುಮಗಳು ಕೊಡ ಎತ್ತುವುದನ್ನು ನಿಲ್ಲಿಸಬಹುದು, ರೊಟ್ಟಿ ಬಡಿಯುವುದೂ ಭಾರವೇ ಎಂದು ಅವಳಿಗೆ ಯಾರೂ ಹೇಳಿರುವುದಿಲ್ಲ. ಗಂಡಸಿಗೆ ಆಪರೇಷನ್ ಆದರೆ ಮನೆ ಅವನ ಸುತ್ತ ತಿರುಗುತ್ತದೆ. ಹೆಂಗಸಿಗೆ ಆದರೆ ಹದಿನೈದು ದಿನಕ್ಕೆ ಅತ್ತೆಯೋ ನಾದಿನಿಯೋ ಬೇಸತ್ತು, 'ಕುಂತಲ್ಲೇ ಎರಡು ರೊಟ್ಟಿ ಬಡಿ, ಏನ್ ಆಗ್ತದ' ಎನ್ನುತ್ತಾರೆ. ಆಗುತ್ತದೆ. ತಂತಿ ಸಡಿಲಾಗಿ ಎಲುಬು ಕೂಡದೆ ಹೋಗಬಹುದು, ಎದೆಯಲ್ಲಿ ಕಟಕಟ ಸಪ್ಪಳ ಬರಬಹುದು, ಗಾಯ ಒಳಗಿಂದ ಕೀವು ಹಿಡಿಯಬಹುದು. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಅಪಾಯ ಇನ್ನೂ ಹೆಚ್ಚು. ಕನಿಷ್ಠ ಎರಡು ತಿಂಗಳು, ಡಾಕ್ಟರು ಒಪ್ಪುವವರೆಗೆ, ರೊಟ್ಟಿ ಕಡೆ ಕೈ ಹಾಕಬಾರದು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಇಟ್ಟುಕೊಳ್ಳುವ ನಾಡು ನಮ್ಮದು. ಆಪರೇಷನ್ ದಿನ ಗೊತ್ತಾದ ಮೇಲೆ ಓಣಿಯ ಹೆಣ್ಣುಮಕ್ಕಳು ಕೂಡಿ ಬಡಿದಿಟ್ಟರೆ ಒಬ್ಬಳ ಎದೆ ಉಳಿಯುತ್ತದೆ.

ಇನ್ನು ನಮ್ಮ ಬಿಸಿಲು. ಏಪ್ರಿಲ್, ಮೇ ತಿಂಗಳಲ್ಲಿ ಯಾದಗಿರಿಯಲ್ಲಿ 43, 44 ಡಿಗ್ರಿ ಹೊಸದಲ್ಲ. ಹೃದಯದ ಬಲ ಕುಂದಿದವರಿಗೆ ಮೈಯಲ್ಲಿ ನೀರು ನಿಲ್ಲದಂತೆ ಮೂತ್ರದ ಗುಳಿಗೆ ಕೊಟ್ಟಿರುತ್ತಾರೆ, ದಿನಕ್ಕೆ ಇಷ್ಟೇ ನೀರು ಕುಡಿಯಿರಿ ಎಂದು ಮಿತಿ ಹಾಕಿರುತ್ತಾರೆ. ಆ ಮಿತಿ ಹಾಕಿದ್ದು ಡಿಸೆಂಬರಿನಲ್ಲಿದ್ದರೆ ಮೇ ತಿಂಗಳ ತಗಡಿನ ಮನೆಗೆ ಅದು ಹೊಂದುವುದಿಲ್ಲ. ಬೆವರಿನಲ್ಲಿ ನೀರು, ಉಪ್ಪು ಎರಡೂ ಹೋಗಿ, ಮೇಲೆ ಗುಳಿಗೆಯೂ ನೀರು ಎಳೆದು, ರಕ್ತದೊತ್ತಡ ಇಳಿದು ಬಿದ್ದವರಿದ್ದಾರೆ. ಹಾಗೆಂದು ತಾವೇ ಗುಳಿಗೆ ನಿಲ್ಲಿಸುವುದೂ ಕೇಡು. ಬೇಸಿಗೆಗೆ ಮುಂಚೆ ಒಮ್ಮೆ ಡಾಕ್ಟರನ್ನು ಕಂಡು, ನೀರಿನ ಲೆಕ್ಕವನ್ನೂ ಗುಳಿಗೆಯ ಲೆಕ್ಕವನ್ನೂ ಹೊಸದಾಗಿ ಹಾಕಿಸಿಕೊಳ್ಳಬೇಕು. ಮನೆಯಲ್ಲಿ ತೂಕದ ಯಂತ್ರ ಇಲ್ಲದಿದ್ದರೆ ರೇಷನ್ ಅಂಗಡಿಯ ತಕ್ಕಡಿಯಾದರೂ ಇದೆ. ಎರಡು ಮೂರು ದಿನದಲ್ಲಿ ಎರಡು ಕಿಲೋ ಏರಿದರೆ, ಕಾಲು ಬಾತರೆ, ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವಂತಾದರೆ ಅದು ಮೈಯಲ್ಲಿ ನೀರು ತುಂಬುತ್ತಿರುವ ಗುರುತು. ಕಾಯದೆ ಹೋಗಬೇಕು.

ಮನಸ್ಸಿನ ಮಾತು ನಮ್ಮಲ್ಲಿ ಯಾರೂ ಎತ್ತುವುದಿಲ್ಲ. ಎದೆಯ ದೊಡ್ಡ ಆಪರೇಷನ್ ಆದವರಲ್ಲಿ ಬಹಳ ಜನರಿಗೆ ಮೊದಲ ತಿಂಗಳುಗಳಲ್ಲಿ ನಿದ್ದೆ ಬರುವುದಿಲ್ಲ, ಕಾರಣವಿಲ್ಲದೆ ಅಳು ಬರುತ್ತದೆ, ಸಣ್ಣ ಮಾತಿಗೆ ಸಿಟ್ಟು ಬರುತ್ತದೆ, ನೆನಪು ತಪ್ಪುತ್ತದೆ. ಇದು ಕಾಯಿಲೆಯ ಭಾಗ, ಮನುಷ್ಯನ ಸ್ವಭಾವ ಕೆಟ್ಟಿದ್ದಲ್ಲ. ಬಹುತೇಕರಿಗೆ ತಾನಾಗಿ ತಿಳಿಯಾಗುತ್ತದೆ. ಕೆಲವರಿಗೆ ಆಗುವುದಿಲ್ಲ, ಅವರು ಊಟ ಬಿಡುತ್ತಾರೆ, ಗುಳಿಗೆ ಬಿಡುತ್ತಾರೆ, ಮಾತು ಬಿಡುತ್ತಾರೆ. ನಿನ್ನೆಯವರೆಗೆ ಮನೆ ನಡೆಸಿದ ಹಿರಿಯ ಕಟ್ಟೆಯ ಮೇಲೆ ಕುಳಿತಿರುತ್ತಾನೆ, ಬಂದವರೆಲ್ಲ 'ಕಾಕಾ, ಇನ್ನ ನೀವು ಏನೂ ಮಾಡಬ್ಯಾಡ್ರಿ' ಎನ್ನುತ್ತಾರೆ. ಪ್ರೀತಿಯಿಂದ ಆಡಿದ ಆ ಮಾತೇ ಅವನನ್ನು ದಿನದಿನ ಕುಗ್ಗಿಸುತ್ತದೆ. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಕನ್ನಡದಲ್ಲಿ, ಹಗಲು ರಾತ್ರಿ, ಪುಕ್ಕಟೆಯಾಗಿ ಮಾತಾಡುತ್ತಾರೆ. ಗಂಡಹೆಂಡಿರ ಸಂಬಂಧದ ಬಗ್ಗೆಯೂ ಯಾರೂ ಬಾಯಿಬಿಟ್ಟು ಕೇಳುವುದಿಲ್ಲ, ಭಯದಲ್ಲಿ ವರ್ಷಗಟ್ಟಲೆ ದೂರ ಉಳಿಯುತ್ತಾರೆ. ಎಲುಬು ಕೂಡಿ, ಎರಡು ಅಂತಸ್ತಿನ ಮೆಟ್ಟಿಲು ತೇಕದೆ ಹತ್ತುವಷ್ಟು ಶಕ್ತಿ ಬಂದವರಿಗೆ ಸಾಮಾನ್ಯವಾಗಿ ಅದರಿಂದ ಅಪಾಯವಿಲ್ಲ.

ಈಗ ಕವಾಟದ ವಿಷಯ. ಐದರಿಂದ ಹದಿನೈದರ ವಯಸ್ಸಿನಲ್ಲಿ ಬಂದ ಗಂಟಲು ನೋವು, ಅದರ ಹಿಂದೆ ಜ್ವರ, ಕೀಲು ಬಾವು. ಇಕ್ಕಟ್ಟಾದ ಮನೆಗಳಲ್ಲಿ ಇದು ಒಬ್ಬರಿಂದ ಒಬ್ಬರಿಗೆ ಹಬ್ಬುತ್ತದೆ. ಯಾರೂ ಗಮನಿಸದ ಆ ಜ್ವರ ಹೃದಯದ ಕವಾಟಗಳನ್ನು ನಿಧಾನವಾಗಿ ಕುಗ್ಗಿಸಿ ಗಟ್ಟಿ ಮಾಡುತ್ತದೆ. ರುಮ್ಯಾಟಿಕ್ ಹೃದ್ರೋಗ ಎಂದು ಇದರ ಹೆಸರು. ಶ್ರೀಮಂತ ದೇಶಗಳಲ್ಲಿ ಬಹುಪಾಲು ಮಾಯವಾದ ಈ ಬಡತನದ ಕಾಯಿಲೆ ನಮ್ಮಲ್ಲಿ ಮದುವೆಯ ವಯಸ್ಸಿನ ಹುಡುಗಿಯರಲ್ಲಿ, ಚೊಚ್ಚಲ ಬಸುರಿಯಲ್ಲಿ ಏದುಸಿರಾಗಿ ಕಾಣಿಸಿಕೊಳ್ಳುತ್ತದೆ. ಕವಾಟ ತೀರ ಕೆಟ್ಟರೆ ಲೋಹದ ಕವಾಟ ಹಾಕುತ್ತಾರೆ. ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ನೇತೃತ್ವದಲ್ಲಿ ರೂಪಿಸಿ, 1990ರ ಡಿಸೆಂಬರಿನಲ್ಲಿ ಮೊದಲ ಬಾರಿಗೆ ಅಳವಡಿಸಿದ ಚಿತ್ರಾ ಕವಾಟ ಇದುವರೆಗೆ ಒಂದು ಲಕ್ಷಕ್ಕೂ ಹೆಚ್ಚು ಎದೆಗಳನ್ನು ಸೇರಿದೆ. ಪರದೇಶದ ಕವಾಟ ಕೊಳ್ಳಲಾಗದ ದೇಶಕ್ಕೆ ಅದೊಂದು ದೊಡ್ಡ ಕೊಡುಗೆ. ಲೋಹದ ಕವಾಟ ಸವೆಯುವುದಿಲ್ಲ. ಅದರ ಬೆಲೆ ಬೇರೆ ರೀತಿಯದು, ರಕ್ತ ತೆಳು ಮಾಡುವ ಗುಳಿಗೆ ಜೀವಮಾನವಿಡೀ ತಪ್ಪುವಂತಿಲ್ಲ.

ವಾರ್ಫರಿನ್, ಅಸಿಟ್ರೋಮ್ ಎಂಬ ಈ ಗುಳಿಗೆಗಳು ಬಹಳ ಅಗ್ಗ, ಬಹಳ ಸೂಕ್ಷ್ಮ. ಕಡಿಮೆಯಾದರೆ ಕವಾಟದ ಮೇಲೆ ರಕ್ತ ಹೆಪ್ಪುಗಟ್ಟಿ ಕವಾಟ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಹೆಪ್ಪು ಮಿದುಳಿಗೆ ಹಾರಿ ಲಕ್ವ ಹೊಡೆಯುತ್ತದೆ. ಹೆಚ್ಚಾದರೆ ಒಸಡಿನಲ್ಲಿ, ಮೂತ್ರದಲ್ಲಿ, ಹೊಟ್ಟೆಯಲ್ಲಿ, ಮಿದುಳಿನಲ್ಲಿ ರಕ್ತ ಹರಿಯುತ್ತದೆ. ನಡುವಿನ ಹಾದಿ ಸಿಕ್ಕಿದೆಯೇ ಎಂದು ತಿಳಿಸುವುದು ಪಿಟಿ-ಐಎನ್‌ಆರ್ ಎಂಬ ರಕ್ತಪರೀಕ್ಷೆ. ಆ ಅಂಕಿ ಮೈಟ್ರಲ್ ಜಾಗದ ಲೋಹದ ಕವಾಟಕ್ಕೆ ಸಾಮಾನ್ಯವಾಗಿ 2.5ರಿಂದ 3.5ರ ನಡುವೆ, ಅಯೋರ್ಟಿಕ್ ಜಾಗದ್ದಕ್ಕೆ 2ರಿಂದ 3ರ ನಡುವೆ ಇರಬೇಕು. ಮೊದಮೊದಲು ವಾರಕ್ಕೊಮ್ಮೆ, ಸ್ಥಿರವಾದ ಮೇಲೆ ತಿಂಗಳಿಗೊಮ್ಮೆ ನೋಡಿಸಬೇಕು. ಐಎನ್‌ಆರ್ ನೋಡುವ ಗೋಜಿಲ್ಲದ ಹೊಸ ಗುಳಿಗೆಗಳು ಬಂದಿವೆಯಲ್ಲ ಎಂದು ಓದಿದವರು ಕೇಳುತ್ತಾರೆ. ಲೋಹದ ಕವಾಟಕ್ಕೆ ಅವು ಸಲ್ಲುವುದಿಲ್ಲ. ಅಂಥ ಒಂದು ಗುಳಿಗೆ ಡಾಬಿಗಾಟ್ರಾನ್ ಅನ್ನು ಪರೀಕ್ಷಿಸಿ ನೋಡಿದ ಅಧ್ಯಯನವನ್ನು ಕೇಡು ಹೆಚ್ಚಿದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು, 2013ರಲ್ಲಿ ಆ ಫಲಿತಾಂಶ ಹೊರಬಂತು.

ಸುರಪುರ ತಾಲ್ಲೂಕಿನ ಒಳಹಳ್ಳಿಯ ಹೆಣ್ಣುಮಗಳು ಒಂದು ಐಎನ್‌ಆರ್‌ಗಾಗಿ ಕಲಬುರಗಿಗೆ ಹೋಗಬೇಕಾದರೆ ಏನೇನು ಬೇಕು ನೋಡಿ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಬಸ್ಸು ಅವಳಿಗೆ ಪುಕ್ಕಟೆ, ಅದೊಂದು ನಿಜವಾದ ಉಪಕಾರ. ಆದರೆ ಜೊತೆಗೆ ಬರುವ ಗಂಡನಿಗೋ ಅಣ್ಣನಿಗೋ ಟಿಕೆಟ್ ಬೇಕು, ಅವನ ಒಂದು ದಿನದ ಕೂಲಿ ಹೋಗುತ್ತದೆ, ಮನೆಯಲ್ಲಿ ಕೂಸು ಇದ್ದರೆ ಅದನ್ನು ನೋಡುವವರು ಬೇಕು. ಪರೀಕ್ಷೆಗೆ ಬೇಕಾದ್ದು ಒಂದೆರಡು ಮಿಲಿಲೀಟರ್ ರಕ್ತ. ಅದಕ್ಕೆ ಇಡೀ ದಿನ. ಒಂದು ತಿಂಗಳು ಹೋಗುತ್ತಾಳೆ, ಎರಡು ತಿಂಗಳು ಹೋಗುತ್ತಾಳೆ, ಮೂರನೇ ತಿಂಗಳು ಹತ್ತಿ ಬಿಡಿಸುವ ಕಾಲ ಬರುತ್ತದೆ, ಹೋಗುವುದಿಲ್ಲ. ಗುಳಿಗೆ ಮಾತ್ರ ಹಳೆಯ ಲೆಕ್ಕದಲ್ಲೇ ನಡೆಯುತ್ತದೆ. ಅವಳ ಅಸಡ್ಡೆ ಎಂದು ಇದನ್ನು ಕರೆಯುವವರ ಮೇಲೆ ನನಗೆ ಸಿಟ್ಟು ಬರುತ್ತದೆ.

ಸೊಪ್ಪು ತಿನ್ನಬಾರದು ಎಂದು ಹೆದರಿಸುವ ಪದ್ಧತಿಯೂ ಇದೆ. ಮೆಂತ್ಯ, ಪಾಲಕ, ಪುಂಡಿಪಲ್ಯ, ರಾಜಗಿರಿ ಇಲ್ಲದ ಊಟ ನಮ್ಮ ಕಡೆ ಊಟವೇ ಅಲ್ಲ. ಸೊಪ್ಪಿನಲ್ಲಿರುವ ವಿಟಮಿನ್ ಕೆ ಗುಳಿಗೆಯ ಶಕ್ತಿ ಕುಗ್ಗಿಸುವುದು ನಿಜ. ಆದರೆ ಬಿಡಬೇಕಾಗಿಲ್ಲ, ವಾರವಾರ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಿನ್ನುತ್ತಿದ್ದರೆ ಗುಳಿಗೆಯನ್ನು ಆ ಅಳತೆಗೆ ಹೊಂದಿಸುತ್ತಾರೆ. ಒಂದು ತಿಂಗಳು ಪೂರಾ ಬಿಟ್ಟು, ಎಳ್ಳಮಾಸಿಯಲ್ಲಿ ಹೊಲಕ್ಕೆ ಹೋಗಿ ಭರ್ತಿ ತಿಂದರೆ ಲೆಕ್ಕ ತಪ್ಪುತ್ತದೆ. ಶ್ರಾವಣದ ಉಪವಾಸ, ರಂಜಾನಿನ ರೋಜಾ ಇಡುವವರು ಮೊದಲೇ ಡಾಕ್ಟರಿಗೆ ಹೇಳಬೇಕು, ಗುಳಿಗೆಯ ಹೊತ್ತು ಬದಲಿಸಿ ಕೊಡುತ್ತಾರೆ.

ಸೊಪ್ಪಿಗಿಂತ ನೂರು ಪಾಲು ಅಪಾಯದ್ದು ಸೂಜಿ. ಮೈಕೈ ನೋವು ಎಂದರೆ ಹಳ್ಳಿಯ 'ಡಾಕ್ಟರ್' ಒಂದು ಸೂಜಿ ಚುಚ್ಚುತ್ತಾರೆ, ನಾಲ್ಕು ಗುಳಿಗೆ ಕಟ್ಟಿಕೊಡುತ್ತಾರೆ. ಡೈಕ್ಲೋಫಿನಾಕ್‌ನಂಥ ನೋವಿನ ಔಷಧಿ ರಕ್ತ ತೆಳುವಾದವರ ಹೊಟ್ಟೆಯಲ್ಲಿ ರಕ್ತಸ್ರಾವ ತರಬಲ್ಲದು, ಮಾಂಸಕ್ಕೆ ಚುಚ್ಚಿದ ಜಾಗದಲ್ಲಿ ರಕ್ತ ತುಂಬಿ ಗಡ್ಡೆ ಕಟ್ಟಬಹುದು. ಭೇದಿಗೆ ಕೊಡುವ ಮೆಟ್ರೊನಿಡಜೋಲ್ ಐಎನ್‌ಆರ್ ಅನ್ನು ಒಮ್ಮೆಲೇ ಏರಿಸುತ್ತದೆ. ಹೆಸರಿಲ್ಲದ ನಾಟಿ ಪುಡಿ, ಕಷಾಯಗಳಲ್ಲಿ ಏನಿದೆಯೋ ಯಾರಿಗೂ ಗೊತ್ತಿಲ್ಲ. ಯಾವ ಊರಿನ ಯಾವ ದವಾಖಾನೆಗೆ ಹೋದರೂ ಬಾಯಿ ತೆಗೆದ ಕೂಡಲೇ ಹೇಳಬೇಕಾದ ಮಾತು ಒಂದೇ: 'ನಂಗ ವಾಲ್ ಹಾಕ್ಯಾರ, ರಕ್ತ ತೆಳು ಮಾಡೋ ಗುಳಿಗಿ ತಗೋತೀನಿ.' ಹಲ್ಲು ಕೀಳಿಸುವ ಮುಂಚೆಯೂ ಹೇಳಬೇಕು. ಹಲ್ಲಿನ ಹುಳುಕಿನಿಂದ ರಕ್ತಕ್ಕೆ ಸೇರಿದ ಕ್ರಿಮಿ ಕವಾಟದ ಮೇಲೆ ಮನೆ ಮಾಡಿಕೊಂಡರೆ ಉಳಿಯುವುದು ಕಷ್ಟ. ಕವಾಟ ಹಾಕಿದವರಿಗೆ ಕಾರಣ ಗೊತ್ತಾಗದ ಜ್ವರ ಎರಡು ಮೂರು ದಿನ ಬಂದರೆ ಮಲೇರಿಯಾ, ಟೈಫಾಯ್ಡ್ ಎಂದು ಊರಲ್ಲೇ ಔಷಧಿ ಮಾಡಿಕೊಂಡು ಕೂರಬಾರದು. ಕವಾಟ ಬದಲಾಯಿತೆಂದು ರುಮ್ಯಾಟಿಕ್ ಜ್ವರ ಮತ್ತೆ ಬರಬಾರದು ಎಂದೇನಿಲ್ಲ, ಆದ್ದರಿಂದ 21 ದಿನಕ್ಕೊಮ್ಮೆ ಹಾಕುವ ಪೆನಿಸಿಲಿನ್ ಸೂಜಿಯನ್ನು ಡಾಕ್ಟರು ನಿಲ್ಲಿಸು ಎನ್ನುವವರೆಗೆ ನಿಲ್ಲಿಸಬಾರದು.

ಲೋಹದ ಕವಾಟಕ್ಕೆ ಸಪ್ಪಳವಿದೆ. ರಾತ್ರಿ ಊರು ಮಲಗಿದ ಮೇಲೆ ಎದೆಯೊಳಗಿನ ಟಿಕ್ ಟಿಕ್ ರೋಗಿಗೆ ಕೇಳುತ್ತದೆ, ಪಕ್ಕದಲ್ಲಿ ಮಲಗಿದವರಿಗೂ ಕೇಳುತ್ತದೆ. ಮೊದಲು ಹೆದರಿಕೆ ಹುಟ್ಟಿಸುವ ಆ ಸದ್ದೇ ಆಮೇಲೆ ಧೈರ್ಯ ಕೊಡುತ್ತದೆ. ಸದ್ದು ಮಂಕಾಯಿತು, ನಿಂತುಹೋಯಿತು ಎನಿಸಿದರೆ, ಜೊತೆಗೆ ಉಸಿರು ಹತ್ತಿದರೆ, ಬೆಳಗಾಗಲಿ ಎಂದು ಕಾಯಬಾರದು. 108 ಕರೆಯಬೇಕು.

ಹರೆಯದ ಹುಡುಗಿಯ ಎದೆಯ ಮೇಲಿನ ಕಲೆ ಮದುವೆಯ ಮಾತುಕತೆಯಲ್ಲಿ ಮುಚ್ಚಿಡುವ ಗುಟ್ಟಾಗುತ್ತದೆ. ಹೆತ್ತವರ ಭಯ ನನಗೆ ಅರ್ಥವಾಗುತ್ತದೆ. ಆದರೆ ಮುಚ್ಚಿಟ್ಟ ಮದುವೆಯಲ್ಲಿ ಮೊದಲು ತಪ್ಪುವುದು ಗುಳಿಗೆ, ಯಾಕೆಂದರೆ ಗಂಡನ ಮನೆಯಲ್ಲಿ ಅದನ್ನು ಎಲ್ಲರೆದುರು ನುಂಗುವಂತಿಲ್ಲ. ಆಮೇಲೆ ಬಸುರು. ವಾರ್ಫರಿನ್ ಬಸುರಿನ ಮೊದಲ ತಿಂಗಳುಗಳಲ್ಲಿ, ಅದರಲ್ಲೂ ಆರರಿಂದ ಹನ್ನೆರಡನೇ ವಾರದಲ್ಲಿ, ಭ್ರೂಣಕ್ಕೆ ಊನ ತರಬಲ್ಲದು. ಹೆದರಿ ಅದನ್ನು ನಿಲ್ಲಿಸಿದರೆ ತಾಯಿಯ ಕವಾಟವೇ ಕಟ್ಟಿಕೊಳ್ಳುತ್ತದೆ. ಗರ್ಭ ನಿಲ್ಲುವ ಮೊದಲೇ ಹೃದಯದ ಡಾಕ್ಟರು, ಹೆರಿಗೆಯ ಡಾಕ್ಟರು ಇಬ್ಬರನ್ನೂ ಕಂಡು ಗುಳಿಗೆಯ ಬದಲಿಗೆ ಯಾವಾಗ ಹೆಪಾರಿನ್ ಸೂಜಿ ಎಂದು ನಿರ್ಧರಿಸಬೇಕು. ಮುಟ್ಟು ತಪ್ಪಿದ ದಿನವೇ ಆಶಾ ಕಾರ್ಯಕರ್ತೆಗೆ ತಿಳಿಸಬೇಕು. ಈ ಮಾತನ್ನು ಆಪರೇಷನ್ ಆದ ಹುಡುಗಿಗೂ ಅವಳ ಅವ್ವನಿಗೂ ಕನ್ನಡದಲ್ಲಿ, ಬಿಡಿಸಿ ಹೇಳುವವರು ಡಿಸ್ಚಾರ್ಜ್ ದಿನ ಒಬ್ಬರು ಇರಲೇಬೇಕು.

ಬೈಪಾಸ್ ಆದವರಿಗೆ ಇಷ್ಟು ಸೂಕ್ಷ್ಮದ ಲೆಕ್ಕವಿಲ್ಲ, ಆದರೆ ಅವರೂ ಗುಳಿಗೆಯಲ್ಲೇ ಸೋಲುತ್ತಾರೆ. ಆಸ್ಪಿರಿನ್, ಕೊಬ್ಬಿನ ಗುಳಿಗೆ, ಬಿಪಿ, ಸಕ್ಕರೆಯವು. 17 ದೇಶಗಳಲ್ಲಿ ನಡೆದು 2011ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಹಿಂದೆ ಹೃದಯಾಘಾತವೋ ಲಕ್ವವೋ ಆಗಿದ್ದವರನ್ನು ಕೇಳಿದಾಗ, ಭಾರತವೂ ಸೇರಿದ ಕಡಿಮೆ ಆದಾಯದ ದೇಶಗಳ ಗುಂಪಿನಲ್ಲಿ ಶೇ 80ರಷ್ಟು ಜನ ಮುಖ್ಯವಾದ ಒಂದೂ ಔಷಧಿ ತೆಗೆದುಕೊಳ್ಳುತ್ತಿರಲಿಲ್ಲ. ನೋವಿಲ್ಲದ ಕಾಯಿಲೆಗೆ ದಿನಾ ಐದಾರು ಗುಳಿಗೆ ನುಂಗುವುದು ಹೊಟ್ಟೆ ಬಟ್ಟೆಯ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಜನೌಷಧಿ ಅಂಗಡಿಯಲ್ಲಿ ಇವೇ ಔಷಧಿಗಳು ಕಂಪನಿ ಹೆಸರಿನ ಗುಳಿಗೆಗಳ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ಚೀಟಿಯಲ್ಲಿ ಔಷಧಿಯ ಮೂಲ ಹೆಸರು ಬರೆದುಕೊಡಿ ಎಂದು ಕೇಳುವ ಹಕ್ಕು ರೋಗಿಗಿದೆ.

ಊಟದ ಮಾತು ಬೇಗ ಮುಗಿಯುತ್ತದೆ, ಯಾಕೆಂದರೆ ನಮ್ಮ ಮೂಲದ ಊಟ ಒಳ್ಳೆಯದೇ. ರೊಟ್ಟಿ, ಬೇಳೆ, ಪಲ್ಯ, ಮಜ್ಜಿಗೆಗೆ ಯಾರ ತಕರಾರೂ ಇಲ್ಲ. ಕೇಡು ಇರುವುದು ಉಪ್ಪಿನಕಾಯಿಯಲ್ಲಿ, ಹಪ್ಪಳದಲ್ಲಿ, ಸಂಜೆಯ ಮಿರ್ಚಿ ಭಜಿಯಲ್ಲಿ. ಎಲ್ಲಕ್ಕಿಂತ ಕೇಡು ತಂಬಾಕಿನಲ್ಲಿ. ಬೀಡಿ ಬಿಟ್ಟೆ ಎಂದು ಗುಟ್ಕಾ ಹಿಡಿದವರು ಬಿಟ್ಟಂತೆ ಅಲ್ಲ.

ನಡಿಗೆಯೂ ಔಷಧಿ ಎಂಬುದಕ್ಕೆ ಪುರಾವೆ ಗಟ್ಟಿಯಾಗಿದೆ. ವ್ಯಾಯಾಮ, ತಿಳಿವಳಿಕೆ, ಮನೋಬಲ ಸೇರಿದ ಹೃದಯ ಪುನಶ್ಚೇತನ ಕಾರ್ಯಕ್ರಮಗಳ 63 ಅಧ್ಯಯನಗಳನ್ನು ಕೂಡಿಸಿ ನೋಡಿದ 2016ರ ಕಾಕ್ರೇನ್ ಸಮೀಕ್ಷೆ, ಅವು ಹೃದಯದ ಕಾರಣದ ಸಾವನ್ನು ಸುಮಾರು ಕಾಲುಭಾಗ ತಗ್ಗಿಸುತ್ತವೆ ಎಂದಿತು. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ, ಸುಮಾರು 4,000 ಹೃದಯಾಘಾತದ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಯೋಗ-ಕೇರ್ ಅಧ್ಯಯನದಲ್ಲಿ, ಯೋಗ ಕಲಿತವರ ಸಾವಿನಲ್ಲಾಗಲಿ ಮತ್ತೆ ಬರುವ ಆಘಾತಗಳಲ್ಲಾಗಲಿ ಖಚಿತವಾದ ವ್ಯತ್ಯಾಸ ಕಾಣಲಿಲ್ಲ, ಆದರೆ ಅವರು ಮೊದಲಿನ ದಿನಚರಿಗೆ ಮರಳಿದ್ದು ಹೆಚ್ಚು. ಉಪಕರಣ ಬೇಡದ, ಚಾಪೆಯೊಂದು ಸಾಕಾಗುವ ಈ ದಾರಿ ತಾಲ್ಲೂಕು ಆಸ್ಪತ್ರೆಗೆ ಹೇಳಿ ಮಾಡಿಸಿದ್ದು. ಮನೆಗೆ ಬಂದ ಮೊದಲ ವಾರ ಅಂಗಳದಲ್ಲಿ ಐದು ನಿಮಿಷ, ಆಮೇಲೆ ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸಿ ಎರಡು ತಿಂಗಳಿಗೆ ಅರ್ಧ ಗಂಟೆ. ನಡೆಯುತ್ತ ಮಾತಾಡಲು ಆಗಬೇಕು, ಅಷ್ಟೇ ವೇಗ ಸಾಕು. ಬೇಸಿಗೆಯಲ್ಲಿ ಎಂಟು ಗಂಟೆಯೊಳಗೆ ಮುಗಿಸಬೇಕು.

ಕೆಲಸಕ್ಕೆ ಮರಳುವುದು ಬಹಳ ಕಷ್ಟದ ಪ್ರಶ್ನೆ. ಅಂಗಡಿ, ಕಚೇರಿಯಲ್ಲಿ ಕೂರುವವರು ಎರಡು ತಿಂಗಳಿಗೆ ಹೋಗಬಹುದು. ಬೈಕು ಕೂಡ ಎಲುಬು ಕೂಡುವವರೆಗೆ ಬೇಡ. ಆದರೆ ಈ ಜಿಲ್ಲೆಯಿಂದ ಸಾವಿರಾರು ಜನ ಬೆಂಗಳೂರು, ಪುಣೆ, ಮುಂಬಯಿಗೆ ಗುಳೆ ಹೋಗಿ ಕಟ್ಟಡದ ಮೇಲೆ ಇಟ್ಟಿಗೆ ಹೊರುತ್ತಾರೆ. ನಾರಾಯಣಪುರ ಎಡದಂಡೆ ಕಾಲುವೆಯ ಗದ್ದೆಗಳಲ್ಲಿ ಸೊಂಟ ಬಗ್ಗಿಸಿ ನಾಟಿ ಮಾಡುತ್ತಾರೆ. ಹೃದಯದ ಬಲ ಪೂರ್ತಿ ಮರಳಿದ ಕೂಲಿಕಾರ ಆರು ತಿಂಗಳ ಮೇಲೆ ಸಾಧಾರಣ ದುಡಿಮೆ ಮಾಡಬಲ್ಲ, ಎಕೋ ಪರೀಕ್ಷೆ ನೋಡಿ ಡಾಕ್ಟರು ಅದನ್ನು ಹೇಳಬಲ್ಲರು. ಬಲ ಮರಳದವನಿಗೆ ಸಿಮೆಂಟ್ ಚೀಲ ಮತ್ತೆ ಹೊರು ಎನ್ನುವುದು ಸಾವಿಗೆ ದೂಡಿದಂತೆ. ಅವನಿಗೆ ಆ ಒಂದು ವರ್ಷದ ಕೂಲಿಯ ಪಾಲನ್ನು ಕಟ್ಟುವವರು ಯಾರು? ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಿದ್ದರೆ ವೈದ್ಯಕೀಯ ನೆರವಿಗೆ ಅರ್ಜಿ ಹಾಕಬಹುದು. ಆಪರೇಷನ್ ಆದ ಮೇಲೆ ಮಂಡಳಿಯ ಕಾರ್ಡಿಗೆ ಓಡಾಡುವುದಕ್ಕಿಂತ ಇಂದೇ ಮಾಡಿಸಿಕೊಳ್ಳುವುದು ಜಾಣತನ.

ಆಪರೇಷನ್ ನಂತರದ ವರ್ಷಕ್ಕೂ ನೆರವು ಬೇಕು ಎಂಬುದನ್ನು ಪಕ್ಕದ ರಾಜ್ಯ ಬೇಗ ಅರಿತಿತ್ತು. 2007ರ ಏಪ್ರಿಲ್ 1ರಂದು ಅವಿಭಜಿತ ಆಂಧ್ರ ತನ್ನ ಆರೋಗ್ಯಶ್ರೀಯನ್ನು ಮೊದಲು ತಂದ ಮೂರು ಜಿಲ್ಲೆಗಳಲ್ಲಿ ನಮ್ಮ ಗುರುಮಠಕಲ್ ಗಡಿಗೆ ಹತ್ತಿದ ಮಹಬೂಬನಗರವೂ ಒಂದು. ಮುಂದೆ ಆ ಯೋಜನೆ ನೂರಕ್ಕೂ ಹೆಚ್ಚು ಚಿಕಿತ್ಸೆಗಳಿಗೆ, ಆಪರೇಷನ್ ನಂತರದ ಒಂದು ವರ್ಷದ ತಪಾಸಣೆ, ಪರೀಕ್ಷೆ, ಔಷಧಿಗೆ ಪ್ರತ್ಯೇಕ ಪ್ಯಾಕೇಜ್ ಇಟ್ಟಿತು. ನಮ್ಮ ವಾಜಪೇಯಿ ಆರೋಗ್ಯಶ್ರೀಯ ಪಟ್ಟಿಯಲ್ಲೂ ಅನುಸರಣಾ ಪ್ಯಾಕೇಜುಗಳಿದ್ದವು. ಯೋಜನೆಯ ನೆರವಿಗೆಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಡಿಸ್ಚಾರ್ಜ್ ಮುಂಚೆಯೇ ಹಿಡಿದು, ಮುಂದಿನ ತಪಾಸಣೆಗಳಿಗೆ ಆಯುಷ್ಮಾನ್ ಕಾರ್ಡಿನಲ್ಲಿ ಏನು ಸಿಗುತ್ತದೆ ಎಂದು ಕೇಳಿ ಬರೆಸಿಕೊಳ್ಳಿ.

ದೊಡ್ಡ ಕಟ್ಟಡ ಇನ್ನೊಂದು ಬೇಕಾಗಿಲ್ಲ. ಯಾದಗಿರಿಯಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ, ಶಹಾಪುರ ಮತ್ತು ಸುರಪುರದಲ್ಲಿ ತಾಲ್ಲೂಕು ಆಸ್ಪತ್ರೆಗಳಿವೆ. ಪುನೀತ್ ರಾಜಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಮಟ್ಟದ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡಿ ಹೇಳುವ ಏರ್ಪಾಡನ್ನು ಸರ್ಕಾರವೇ ಮಾಡಿದೆ. ಹೃದಯಾಘಾತದ ಹೊತ್ತಿಗೆ ಸಾಧ್ಯವಾದದ್ದು ಆಪರೇಷನ್ ನಂತರದ ವರ್ಷಕ್ಕೂ ಸಾಧ್ಯ. ಮೂರೂ ಊರಿನಲ್ಲಿ ವಾರಕ್ಕೊಂದು ದಿನ ಐಎನ್‌ಆರ್ ನೋಡಿ, ಅಂಕಿಯನ್ನು ಕಲಬುರಗಿಗೆ ಕಳಿಸಿ, ಗುಳಿಗೆಯ ಲೆಕ್ಕವನ್ನು ಅಂದೇ ಫೋನಿನಲ್ಲಿ ತರಿಸಿಕೊಡಲಿ. ವರ್ಷದ ಗುಳಿಗೆ ಅಲ್ಲೇ ಸಿಗಲಿ. ಡಿಸ್ಚಾರ್ಜ್ ಪತ್ರದ ಜೊತೆ ಕನ್ನಡದಲ್ಲಿ, ಬೇಕಾದವರಿಗೆ ಉರ್ದುವಿನಲ್ಲಿ, ಒಂದು ಹಾಳೆ ಇರಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಖರ್ಚಿನ ಮುಂದೆ ಇದು ಬಹಳ ಸಣ್ಣ ಮೊತ್ತ. ಯಾದಗಿರಿ, ಶಹಾಪುರ, ಸುರಪುರದ ಶಾಸಕರನ್ನು ಈ ಸಲ ಕಂಡಾಗ ರಸ್ತೆ, ಸಮುದಾಯ ಭವನಗಳ ಜೊತೆ ಇದನ್ನೂ ಕೇಳಿ.